ಕುಡಿತ, ಡ್ರಗ್ಸ್ ಬಿಡಿಸುವ ಚಿಕಿತ್ಸೆಗೆ ಆರೋಗ್ಯ ವಿಮೆ: ಎಲ್ಲಿ ಸಿಗುತ್ತದೆ, ಹೇಗೆ ಕೇಳಬೇಕು

ಮನೆಯವರೊಬ್ಬರನ್ನು ಕುಡಿತ ಬಿಡಿಸಲೆಂದು ಆಸ್ಪತ್ರೆಗೆ ಸೇರಿಸುವ ದಿನ ಪಾಲಿಸಿಯ ಷರತ್ತು ಯಾರಿಗೂ ನೆನಪಾಗುವುದಿಲ್ಲ. ಒಪ್ಪಿಸಿ ಕರೆತರುವಷ್ಟರಲ್ಲೇ ಎಲ್ಲರೂ ಸೋತುಹೋಗಿರುತ್ತಾರೆ. ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಸಂಸ್ಥೆ) ಡೆಸ್ಕಿನಲ್ಲಿ ಕಾರ್ಡು ಕೊಟ್ಟು ಕಾದು ಕೂತ ಮೇಲೆ ‘ಅಡಿಕ್ಷನ್‌ಗೆ ಕವರ್ ಇಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಬಹಳ ಮಂದಿ ಅಲ್ಲಿಗೇ ಕೈಚೆಲ್ಲಿ ಒಡವೆ ಅಡವಿಡಲು ಹೊರಡುತ್ತಾರೆ. ಆ ಒಂದು ಸಾಲಿನ ಹಿಂದೆ ಏನಿದೆ, ಯಾವ ಖರ್ಚಿಗೆ ಅದನ್ನು ಒಪ್ಪಿಕೊಳ್ಳಬೇಕು, ಯಾವುದಕ್ಕೆ ಪ್ರಶ್ನಿಸಬೇಕು, ಪಾಲಿಸಿಯೇ ಇಲ್ಲದವರಿಗೆ ಕರ್ನಾಟಕದಲ್ಲಿ ಯಾವ ದಾರಿ ಇದೆ ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದ್ದೇವೆ.

ಹಣದ ಮಾತಿಗೂ ಮುಂಚೆ ಒಂದು ಎಚ್ಚರಿಕೆ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ವಾಂತಿ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ತಾವೆಲ್ಲಿದ್ದೇವೆ ಎಂಬುದೇ ತಿಳಿಯದಂತಾಗುತ್ತದೆ. ಇದಕ್ಕೆ ಡಿಲೀರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಹಿಂದೊಮ್ಮೆ ಹೀಗೆ ಫಿಟ್ಸ್ ಬಂದವರನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ಹತ್ತಿರದ ಆಸ್ಪತ್ರೆಗೆ ಮೊದಲು ಸೇರಿಸಿ, ಕಾಗದಪತ್ರ ಆಮೇಲೆ. ತುರ್ತಾಗಿ ಸೇರಿಸಿದಾಗ 24 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಿದರೆ ಸಾಕೆಂದು ಹೆಚ್ಚಿನ ಪಾಲಿಸಿಗಳೇ ಹೇಳುತ್ತವೆ.

ಕಾನೂನಿನ ಮಾತು, ಪಾಲಿಸಿಯ ಮಾತು

ಗೊಂದಲದ ಬೇರು ಇರುವುದು ಇಲ್ಲಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ‘ಮಾನಸಿಕ ಕಾಯಿಲೆ’ ಎಂದರೇನು ಎಂದು ಅದರ 2ನೇ ಸೆಕ್ಷನ್ ಹೇಳುತ್ತದೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಆ ವ್ಯಾಖ್ಯೆ ಹೆಸರು ಹೇಳಿಯೇ ಒಳಗೊಂಡಿದೆ. 21ನೇ ಸೆಕ್ಷನ್ನಿನ 4ನೇ ಉಪಸೆಕ್ಷನ್ ವಿಮಾ ಕಂಪನಿಗಳಿಗೆ ನೇರವಾಗಿ ಅನ್ವಯಿಸುತ್ತದೆ: ದೈಹಿಕ ಕಾಯಿಲೆಗೆ ಯಾವ ನೆಲೆಯಲ್ಲಿ ವಿಮೆ ಕೊಡುತ್ತೀರೋ ಅದೇ ನೆಲೆಯಲ್ಲಿ ಮಾನಸಿಕ ಕಾಯಿಲೆಗೂ ಕೊಡಬೇಕು. ಬೇರೆ ಕಾನೂನುಗಳಲ್ಲಿ ಇದಕ್ಕೆ ವಿರುದ್ಧವಾದದ್ದು ಏನೇ ಇದ್ದರೂ ಈ ಕಾಯ್ದೆಯದೇ ಮೇಲುಗೈ ಎಂದು 120ನೇ ಸೆಕ್ಷನ್ ಹೇಳುತ್ತದೆ. ಇದನ್ನು ಪಾಲಿಸುವಂತೆ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2018ರ ಆಗಸ್ಟ್‌ನಲ್ಲಿ ಒಮ್ಮೆ, 2022ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ.

ಅದೇ ಐಆರ್‌ಡಿಎಐ 2019ರ ಸೆಪ್ಟೆಂಬರ್‌ನಲ್ಲಿ, ಪಾಲಿಸಿಗಳಲ್ಲಿ ‘ಇದಕ್ಕೆ ಹಣ ಕೊಡುವುದಿಲ್ಲ’ ಎಂದು ಬರೆಯುವ ಷರತ್ತುಗಳ ಒಕ್ಕಣೆಯನ್ನು ಎಲ್ಲ ಕಂಪನಿಗಳಿಗೂ ಒಂದೇ ಮಾಡಿತು. ಒಂದೊಂದಕ್ಕೂ ಒಂದು ಕೋಡ್. ಅದರಲ್ಲಿ 12ನೆಯದು: ಮದ್ಯವ್ಯಸನ, ಮಾದಕ ವಸ್ತುಗಳ ದುರ್ಬಳಕೆ ಅಥವಾ ಯಾವುದೇ ಚಟದ ಸ್ಥಿತಿಯ ಚಿಕಿತ್ಸೆ ಮತ್ತು ಅದರಿಂದಾಗುವ ಪರಿಣಾಮಗಳು. ನಿಮ್ಮ ಪಾಲಿಸಿ ಯಾವ ಕಂಪನಿಯದ್ದೇ ಆಗಿರಲಿ, ಈ ಕೋಡ್ 12 ಅದರಲ್ಲಿ ಇರುವ ಸಾಧ್ಯತೆಯೇ ಹೆಚ್ಚು. ಟಿಪಿಎ ಡೆಸ್ಕಿನವರು ಅದನ್ನೇ ಹಿಡಿದು ಇಲ್ಲ ಎನ್ನುತ್ತಾರೆ.

ಸಂಸತ್ತು ಮಾಡಿದ ಕಾಯ್ದೆಯ ಮುಂದೆ ಪಾಲಿಸಿಯ ಷರತ್ತು ನಿಲ್ಲಬಾರದು ಎಂಬುದು ನಮ್ಮ ಅಭಿಪ್ರಾಯ. ಆದರೆ ಡೆಸ್ಕಿನಲ್ಲಿ ಕೂತವರು ಕಾಯ್ದೆ ನೋಡುವುದಿಲ್ಲ, ಕೋಡ್ ನೋಡುತ್ತಾರೆ. ವಾದ ನಡೆಯುವುದು ಆಮೇಲೆ, ವಿಮಾ ದೂರುಗಳನ್ನು ತೀರ್ಮಾನಿಸುವ ಓಂಬುಡ್ಸ್‌ಮನ್ ಅಥವಾ ಗ್ರಾಹಕ ಆಯೋಗದ ಮುಂದೆ. ಅಲ್ಲಿ ಗೆದ್ದೇ ಗೆಲ್ಲುತ್ತೀರೆಂದು ಯಾರೂ ಬರೆದುಕೊಡಲಾರರು. ಹಾಗಾಗಿ ಹಣದ ಏರ್ಪಾಡನ್ನು ‘ಕ್ಲೇಮ್ ಬರದಿದ್ದರೆ’ ಎಂದೇ ಮಾಡಿಕೊಂಡು, ಕಾಗದಗಳನ್ನು ಮಾತ್ರ ‘ಬಂದೇ ಬರುತ್ತದೆ’ ಎಂಬಂತೆ ಜೋಡಿಸಿ. ಇನ್ನೊಂದು ಮಾತು: ಶಿಖಾ ನಿಶ್ಚಲ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2021ರಲ್ಲಿ ಕೊಟ್ಟ ತೀರ್ಪನ್ನು ಹಲವರು ಉಲ್ಲೇಖಿಸುತ್ತಾರೆ. 21(4) ಕಂಪನಿಗಳ ಮೇಲೆ ಬದ್ಧ ಎಂಬುದಕ್ಕೆ ಅದು ಒಳ್ಳೆಯ ಆಧಾರ. ಆದರೆ ಆ ಪ್ರಕರಣ ಸ್ಕಿಜೊಅಫೆಕ್ಟಿವ್ ಎಂಬ ಮಾನಸಿಕ ಕಾಯಿಲೆಯದ್ದು, ವ್ಯಸನದ್ದಲ್ಲ. ಅರ್ಜಿಯಲ್ಲಿ ಅದನ್ನು ಬಳಸುವಾಗ ಅಷ್ಟಕ್ಕೇ ಬಳಸಿ.

ಖರ್ಚನ್ನು ಬೇರೆ ಬೇರೆ ಮಾಡಿ ನೋಡಿ

‘ಡಿ-ಅಡಿಕ್ಷನ್’ ಎಂಬ ಒಂದೇ ಹೆಸರಿನಡಿ ನಾಲ್ಕು ಬಗೆಯ ಖರ್ಚು ಇರುತ್ತದೆ. ವಿಮೆಯ ಲೆಕ್ಕದಲ್ಲಿ ನಾಲ್ಕರ ಹಣೆಬರಹವೂ ಬೇರೆ.

ಮೊದಲನೆಯದು ನಂಜು ಇಳಿಸುವ ಹಂತ, ಅಂದರೆ ಡಿಟಾಕ್ಸ್. ಸಾಮಾನ್ಯವಾಗಿ 7ರಿಂದ 14 ದಿನ ಆಸ್ಪತ್ರೆಯಲ್ಲಿದ್ದು, ಕ್ಲೋರ್‌ಡಯಾಜಿಪಾಕ್ಸೈಡ್ ಅಥವಾ ಲೊರಾಜಿಪಾಮ್‌ನಂಥ ಮಾತ್ರೆಗಳನ್ನು ದಿನದಿಂದ ದಿನಕ್ಕೆ ಇಳಿಸುತ್ತಾ, ಥಯಮಿನ್ ಕೊಡುತ್ತಾ ನಡೆಸುವ ಚಿಕಿತ್ಸೆ. ಫಿಟ್ಸ್, ಡಿಲೀರಿಯಂ, ಐಸಿಯು ಬಂದರೆ ಖರ್ಚು ಏರುವುದು ಇಲ್ಲೇ. ಇದು ಪಕ್ಕಾ ವೈದ್ಯಕೀಯ ಚಿಕಿತ್ಸೆ. ಕಾಯ್ದೆಯ ಬಲದಲ್ಲಿ ವಾದ ಮಾಡಲು ಅತ್ಯಂತ ಗಟ್ಟಿಯಾದ ಭಾಗವೂ ಇದೇ.

ಎರಡನೆಯದು ಜೊತೆಗಿರುವ ಮಾನಸಿಕ ಕಾಯಿಲೆ. ಖಿನ್ನತೆ, ಬೈಪೋಲಾರ್, ಸೈಕೋಸಿಸ್ ಇರುವವರಲ್ಲಿ ಕುಡಿತವೋ ಗಾಂಜಾವೋ ಸೇರಿಕೊಂಡಿರುವುದು ತೀರಾ ಸಾಮಾನ್ಯ. ದಾಖಲಾದ ಮುಖ್ಯ ಕಾರಣವೇ ಆತ್ಮಹತ್ಯೆಯ ಯತ್ನ ಅಥವಾ ತೀವ್ರ ಖಿನ್ನತೆ ಆಗಿದ್ದರೆ ಮನೋವೈದ್ಯರು ಅದನ್ನೇ ಮುಖ್ಯ ಕಾಯಿಲೆಯಾಗಿ ಬರೆಯಬೇಕು, ವ್ಯಸನ ಎರಡನೆಯ ಸಾಲಿಗೆ ಬರಬೇಕು. ಹೀಗಿರುವಾಗ ಕೋಡ್ 12 ತೋರಿಸಿ ಇಡೀ ಕ್ಲೇಮ್ ತಳ್ಳಿಹಾಕಿದರೆ ಅದನ್ನು ಪ್ರಶ್ನಿಸಲೇಬೇಕು.

ಮೂರನೆಯದು ಪುನರ್ವಸತಿ. ಒಂದರಿಂದ ಮೂರು ತಿಂಗಳು ಕೇಂದ್ರದಲ್ಲಿದ್ದು ಕೌನ್ಸೆಲಿಂಗ್, ಗುಂಪು ಚರ್ಚೆ, ಯೋಗ, ಕೆಲಸದ ತರಬೇತಿ. ಚೇತರಿಕೆಗೆ ಇದು ಬಹಳ ಬೇಕು. ಆದರೆ ಕೋಡ್ 5, ಅಂದರೆ ವಿಶ್ರಾಂತಿ ಮತ್ತು ಪುನರ್ವಸತಿ ಆರೈಕೆಯ ಷರತ್ತು, ಇದನ್ನು ಪ್ರತ್ಯೇಕವಾಗಿಯೇ ಹೊರಗಿಡುತ್ತದೆ. ಇದಕ್ಕೆ ವೈಯಕ್ತಿಕ ಪಾಲಿಸಿಯಿಂದ ಹಣ ಬರುತ್ತದೆಂದು ನೆಚ್ಚಿಕೊಳ್ಳಬೇಡಿ. ಸರ್ಕಾರಿ ನೆರವಿನ ಕೇಂದ್ರಗಳ ವಿಷಯ ಮುಂದೆ ಬರುತ್ತದೆ.

ನಾಲ್ಕನೆಯದು ದೇಹಕ್ಕಾದ ಹಾನಿ: ಲಿವರ್ ಸಿರೋಸಿಸ್, ಪ್ಯಾಂಕ್ರಿಯಾಟೈಟಿಸ್, ರಕ್ತವಾಂತಿ. ಕೋಡ್ 12ರಲ್ಲಿನ ‘ಪರಿಣಾಮಗಳು’ ಎಂಬ ಪದ ಕಡಿಯುವುದು ಇವನ್ನೇ. ಇಲ್ಲಿ ನೆನಪಿಡಬೇಕಾದದ್ದೆಂದರೆ, ಲಿವರ್ ಹಾಳಾಗಲು ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಕ್ಕರೆ ಕಾಯಿಲೆಯ ಜೊತೆ ಬರುವ ಕೊಬ್ಬಿನ ಲಿವರ್ ಎಲ್ಲವೂ ಕಾರಣವಾಗಬಹುದು. ಪ್ಯಾಂಕ್ರಿಯಾಟೈಟಿಸ್‌ಗೆ ಪಿತ್ತಕೋಶದ ಕಲ್ಲು ಬಹು ಸಾಮಾನ್ಯ ಕಾರಣ. ಕೇಸ್ ಶೀಟಿನಲ್ಲಿ ‘ಕುಡಿಯುತ್ತಾರೆ’ ಎಂದು ಒಂದು ಪದ ಇದ್ದ ಮಾತ್ರಕ್ಕೆ ಕಾಯಿಲೆ ಕುಡಿತದಿಂದಲೇ ಬಂತು ಎಂದಾಗುವುದಿಲ್ಲ. ಹೊರಗಿಡುವ ಷರತ್ತು ಅನ್ವಯಿಸುತ್ತದೆ ಎಂದು ತೋರಿಸಿಕೊಡಬೇಕಾದದ್ದು ಕಂಪನಿಯ ಹೊಣೆ. ಹೆಪಟೈಟಿಸ್ ಪರೀಕ್ಷೆ, ಅಲ್ಟ್ರಾಸೌಂಡ್, ಸಕ್ಕರೆ ಕಾಯಿಲೆಯ ಎಚ್‌ಬಿಎ1ಸಿ ವರದಿಗಳನ್ನು ಜೋಪಾನವಾಗಿಡಿ. ಕಾರಣ ಏನೆಂದು ಚಿಕಿತ್ಸೆ ಕೊಟ್ಟ ವೈದ್ಯರಿಂದ ಸ್ಪಷ್ಟವಾದ ಪತ್ರ ಪಡೆಯಿರಿ. ಕುಡಿತದಿಂದಲೇ ಆದದ್ದೆಂದು ವರದಿಗಳೆಲ್ಲ ಹೇಳುತ್ತಿದ್ದರೆ, ಆ ಕ್ಲೇಮ್ ದುರ್ಬಲ ಎಂಬುದನ್ನು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು.

ಪಾಲಿಸಿಯಲ್ಲಿ ಹುಡುಕಬೇಕಾದದ್ದು

ಕಾರ್ಡು, ಒಂದು ಪುಟದ ಸರ್ಟಿಫಿಕೇಟು ಸಾಲದು. ‘ಪಾಲಿಸಿ ವರ್ಡಿಂಗ್ಸ್’ ಎಂಬ ದೊಡ್ಡ ಪಿಡಿಎಫ್ ಬೇಕು. ಮೊಬೈಲಿನಲ್ಲೇ ತೆರೆದು ಮಾನಸಿಕ ಕಾಯಿಲೆ, ಆಲ್ಕೊಹಾಲ್, ಪುನರ್ವಸತಿ ಎಂಬರ್ಥದ ಇಂಗ್ಲಿಷ್ ಪದಗಳನ್ನು ಹುಡುಕಿ. ಮಾನಸಿಕ ಕಾಯಿಲೆಗೆ ಪ್ರತ್ಯೇಕ ಮಿತಿ ಇದೆಯೇ ನೋಡಿ. ಐದು ಲಕ್ಷದ ಪಾಲಿಸಿಯಲ್ಲಿ ಮನೋವೈದ್ಯಕೀಯಕ್ಕೆ ಮಾತ್ರ ಸಣ್ಣ ಮೊತ್ತ ಇಟ್ಟಿರುವುದುಂಟು. ಪಾಲಿಸಿ ಕೊಳ್ಳುವ ಮುಂಚೆಯೇ ಇದ್ದ ಕಾಯಿಲೆಗೆ ಹಣ ಸಿಗಲು ಕಾಯಬೇಕಾದ ಅವಧಿ 2024ರ ಏಪ್ರಿಲ್‌ನಿಂದ ಗರಿಷ್ಠ 36 ತಿಂಗಳು; ಪಾಲಿಸಿ ಎಷ್ಟು ವರ್ಷದಿಂದ ಬಿಡದೆ ನಡೆದಿದೆ ಎಂದು ಲೆಕ್ಕ ಹಾಕಿ. ಕೋಣೆ ಬಾಡಿಗೆಯ ಮಿತಿಯನ್ನೂ ನೋಡಿ. ದಿನಕ್ಕೆ 3,000 ರೂಪಾಯಿ ಮಿತಿ ಇರುವವರು 6,000ದ ಕೋಣೆ ತೆಗೆದುಕೊಂಡರೆ ಬಾಡಿಗೆಯ ವ್ಯತ್ಯಾಸವಷ್ಟೇ ಅಲ್ಲ, ವೈದ್ಯರ ಫೀಸಿನಂಥ ಇತರ ಖರ್ಚಿನಲ್ಲೂ ಅದೇ ಪ್ರಮಾಣದಲ್ಲಿ ಕಡಿತವಾಗಬಹುದು. ಡಿಟಾಕ್ಸ್‌ನಲ್ಲಿ ಹತ್ತು ಹದಿನಾಲ್ಕು ದಿನ ಇರಬೇಕಾಗುವುದರಿಂದ ಈ ಪೆಟ್ಟು ಜೋರಾಗಿಯೇ ಬೀಳುತ್ತದೆ.

ಕೆಲಸ ಮಾಡುವ ಕಂಪನಿ ಕೊಟ್ಟಿರುವ ಗ್ರೂಪ್ ಪಾಲಿಸಿ ಇದ್ದರೆ ಅದನ್ನೇ ಮೊದಲು ನೋಡಿ. ಗ್ರೂಪ್ ಪಾಲಿಸಿಯಲ್ಲಿ ಉದ್ಯೋಗದಾತರು ಕೆಲವು ಷರತ್ತುಗಳನ್ನು ಹೆಚ್ಚಿನ ಪ್ರೀಮಿಯಂ ಕೊಟ್ಟು ತೆಗೆಸಿರುತ್ತಾರೆ; ಕಾಯುವ ಅವಧಿಯೂ ಅನೇಕ ಕಡೆ ಇರುವುದಿಲ್ಲ. ‘ಮನೋವೈದ್ಯಕೀಯ ದಾಖಲಾತಿಗೆ ಮಿತಿ ಎಷ್ಟು, ಕೋಡ್ 12 ತೆಗೆಸಿದ್ದಾರೆಯೇ’ ಎಂದು ಟಿಪಿಎ ಸಹಾಯವಾಣಿಗೇ ಕೇಳಿ, ಉತ್ತರವನ್ನು ಇ-ಮೇಲ್‌ನಲ್ಲಿ ಪಡೆಯಿರಿ. ಎಚ್‌ಆರ್‌ನವರಿಗೆ ರೋಗದ ವಿವರ ಹೇಳುವ ಅಗತ್ಯವಿಲ್ಲ. ಡಿಸ್ಚಾರ್ಜ್ ಸಮ್ಮರಿಯನ್ನು ಎಚ್‌ಆರ್ ಕೈಗೆ ಕೊಡದೆ ನೇರ ಟಿಪಿಎಗೆ ಅಪ್‌ಲೋಡ್ ಮಾಡಿ. ರೋಗಿಯ ಮಾಹಿತಿಯನ್ನು ಗುಟ್ಟಾಗಿಡುವುದು ಅದೇ 2017ರ ಕಾಯ್ದೆಯ 23ನೇ ಸೆಕ್ಷನ್ ಕೊಟ್ಟಿರುವ ಹಕ್ಕು.

ಸೇರಿಸುವ ಜಾಗವೇ ಅರ್ಧ ಕ್ಲೇಮ್

ಸಾವಿರಾರು ರೂಪಾಯಿ ಕಟ್ಟಿಸಿಕೊಳ್ಳುವ ಅನೇಕ ಡಿ-ಅಡಿಕ್ಷನ್ ಕೇಂದ್ರಗಳು ವಿಮೆಯ ಲೆಕ್ಕದಲ್ಲಿ ಆಸ್ಪತ್ರೆಗಳೇ ಅಲ್ಲ. ಪಾಲಿಸಿಯ ವ್ಯಾಖ್ಯೆಯಲ್ಲಿ ಆಸ್ಪತ್ರೆ ಎಂದರೆ ಕಾನೂನಿನಡಿ ನೋಂದಣಿಯಾದದ್ದು. ಅಥವಾ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ ಕನಿಷ್ಠ 10, ಉಳಿದೆಡೆ 15 ಹಾಸಿಗೆ, ಇಪ್ಪತ್ನಾಲ್ಕು ಗಂಟೆಯೂ ಅರ್ಹ ವೈದ್ಯರು ಮತ್ತು ದಾದಿಯರು, ಆಪರೇಷನ್ ಥಿಯೇಟರ್, ದಿನವಹಿ ದಾಖಲೆ ಎಲ್ಲ ಇರುವಂಥದ್ದು. ವಾರಕ್ಕೊಮ್ಮೆ ವೈದ್ಯರು ಬಂದುಹೋಗುವ, ಬಾಡಿಗೆ ಮನೆಯಲ್ಲಿ ನಡೆಯುವ ಕೇಂದ್ರದ ಬಿಲ್ಲು ಎಷ್ಟೇ ನೀಟಾಗಿದ್ದರೂ ಪಾಸಾಗದು.

ಸೇರಿಸುವ ಮುನ್ನ ಎರಡು ನೋಂದಣಿ ಪತ್ರ ಕೇಳಿ ಫೋಟೋ ತೆಗೆದುಕೊಳ್ಳಿ: ಖಾಸಗಿಯಾದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ, ಮತ್ತು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ. 2017ರ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಎರಡನೆಯದಿಲ್ಲದೆ ಮಾನಸಿಕ ಆರೋಗ್ಯ ಸಂಸ್ಥೆ ನಡೆಸುವಂತಿಲ್ಲ. ತೋರಿಸಲು ಹಿಂದೇಟು ಹಾಕುವ ಕೇಂದ್ರಕ್ಕೆ ಮನೆಯವರನ್ನು ಬಿಡಬೇಡಿ. ವಿಮೆಗಿಂತ ದೊಡ್ಡ ಪ್ರಶ್ನೆ ಅಲ್ಲಿ ಸುರಕ್ಷತೆಯದು. ಹೊಡೆದು ಬಡಿದು ಬಿಡಿಸುವ ಜಾಗಗಳು ಇಂದಿಗೂ ಇವೆ.

ಹಳ್ಳಿಗಳಲ್ಲಿ ನಡೆಯುವ ಎಂಟು ದಿನದ ಮದ್ಯವರ್ಜನ ಶಿಬಿರಗಳಿಂದ ಎಷ್ಟೋ ಮನೆಗಳಿಗೆ ನೆರವಾಗಿದೆ. ಅವು ಆಸ್ಪತ್ರೆಯಲ್ಲವಾದ್ದರಿಂದ ವಿಮೆಯ ಮಾತು ಅಲ್ಲಿ ಬರುವುದಿಲ್ಲ. ಫಿಟ್ಸ್ ಬಂದಿದ್ದವರು, ಲಿವರ್ ಹಾಳಾಗಿರುವವರು ಶಿಬಿರಕ್ಕೆ ಹೋಗುವ ಮುಂಚೆ ವೈದ್ಯರಿಗೆ ತೋರಿಸಿಕೊಂಡು ಹೋಗಲಿ.

ದಾಖಲಾದ ದಿನದಿಂದ ಡಿಸ್ಚಾರ್ಜ್‌ವರೆಗೆ

ಮುಂಚಿತವಾಗಿ ಗೊತ್ತಿರುವ ದಾಖಲಾತಿಯಾದರೆ 48 ಗಂಟೆ ಮೊದಲೇ ಟಿಪಿಎಗೆ ತಿಳಿಸಿ. ಮುಂಚಿತ ಒಪ್ಪಿಗೆ ಕೇಳುವ ಪ್ರೀ-ಆಥರೈಸೇಷನ್ ಫಾರಂನಲ್ಲಿ ವೈದ್ಯರು ತುಂಬುವ ಭಾಗವೇ ಎಲ್ಲವನ್ನೂ ನಿರ್ಧರಿಸುತ್ತದೆ. ‘ಡಿ-ಅಡಿಕ್ಷನ್‌ಗಾಗಿ ದಾಖಲು’ ಎಂದಷ್ಟೇ ಬರೆದರೆ ತಿರಸ್ಕಾರ ಖಚಿತ. ಇರುವ ಸ್ಥಿತಿಯನ್ನು ಪೂರ್ತಿಯಾಗಿ ಬರೆಯುವಂತೆ ವಿನಂತಿಸಿ: ಕೊನೆಯ ಬಾರಿ ಕುಡಿದದ್ದು ಯಾವಾಗ, ನಾಡಿ, ರಕ್ತದೊತ್ತಡ, ಫಿಟ್ಸ್ ಅಥವಾ ಭ್ರಮೆ ಇದೆಯೇ, ಮನೆಯಲ್ಲಿ ಅಥವಾ ಹೊರರೋಗಿಯಾಗಿ ಚಿಕಿತ್ಸೆ ಕೊಡಲು ಏಕೆ ಆಗದು, ಜೊತೆಗಿರುವ ಕಾಯಿಲೆಗಳು ಯಾವುವು. ರೋಗದ ಐಸಿಡಿ ಕೋಡ್, ಅಂದರೆ ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯ ಸಂಕೇತ, ಕೂಡ ಇರಲಿ. ಮದ್ಯದ ಅವಲಂಬನೆಗೆ ಎಫ್ 10.2, ಬಿಟ್ಟಾಗಿನ ಲಕ್ಷಣಗಳಿಗೆ ಎಫ್ 10.3, ಅದರ ಜೊತೆ ಡಿಲೀರಿಯಂ ಇದ್ದರೆ ಎಫ್ 10.4, ಅಫೀಮು, ಹೆರಾಯಿನ್ ಬಗೆಯವಕ್ಕೆ ಎಫ್ 11. ಎಫ್ ಅಕ್ಷರದಿಂದ ಶುರುವಾಗುವ ಈ ಕೋಡ್‌ಗಳೆಲ್ಲ ಮಾನಸಿಕ ಕಾಯಿಲೆಗಳ ಅಧ್ಯಾಯದವು. ಇದು ಮಾನಸಿಕ ಕಾಯಿಲೆಯೇ ಎಂದು ವಾದಿಸುವಾಗ ಕೈಗೆ ಬರುವ ಆಧಾರ ಅದು.

2024ರ ಮೇ 29ರ ಐಆರ್‌ಡಿಎಐ ಮಾಸ್ಟರ್ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆಯೊಳಗೆ, ಡಿಸ್ಚಾರ್ಜ್ ವೇಳೆಯ ಅಂತಿಮ ಒಪ್ಪಿಗೆಗೆ 3 ಗಂಟೆಯೊಳಗೆ ಉತ್ತರ ಬರಬೇಕು. ಕ್ಯಾಶ್‌ಲೆಸ್ ನಿರಾಕರಿಸಿದರೆ ಕ್ಲೇಮ್ ಮುಗಿಯಿತು ಎಂದು ಭಾವಿಸಬೇಡಿ. ಆಸ್ಪತ್ರೆಗೆ ಕಟ್ಟಿ, ಆಮೇಲೆ ರೀಇಂಬರ್ಸ್‌ಮೆಂಟ್ ಕೇಳಲು ಬಾಗಿಲು ತೆರೆದೇ ಇರುತ್ತದೆ. ಅನೇಕ ಪಾಲಿಸಿಗಳು ಅದಕ್ಕೆ ಡಿಸ್ಚಾರ್ಜ್ ಆದ 15ರಿಂದ 30 ದಿನಗಳ ಗಡುವು ಇಟ್ಟಿರುತ್ತವೆ, ಅದನ್ನು ದಾಟಿಸಬೇಡಿ.

ತುರ್ತು ವಿಭಾಗದಲ್ಲಿ ಆಗುವ ಒಂದು ತಪ್ಪು ತಿಂಗಳುಗಟ್ಟಲೆ ಕಾಡುತ್ತದೆ. ‘ಕುಡೀತಾರಾ?’ ಎಂದು ಡ್ಯೂಟಿ ಡಾಕ್ಟರ್ ಕೇಳುತ್ತಾರೆ. ಗಾಬರಿಯಲ್ಲಿದ್ದವರು ‘ದಿನಾ ಕುಡೀತಾರೆ ಸಾರ್, ಇಪ್ಪತ್ತು ವರ್ಷದಿಂದ’ ಎನ್ನುತ್ತಾರೆ. ಕೇಸ್ ಶೀಟಿಗೆ ‘ಕ್ರಾನಿಕ್ ಆಲ್ಕೊಹಾಲಿಕ್’ ಎಂಬ ಹಣೆಪಟ್ಟಿ ಬೀಳುತ್ತದೆ. ನಿಜವಾಗಿ ಆ ಇಪ್ಪತ್ತು ವರ್ಷದಲ್ಲಿ ಹದಿನೇಳು ವರ್ಷ ಹಬ್ಬ ಮದುವೆಗಷ್ಟೇ ಕುಡಿದು, ಹೆಚ್ಚಾದದ್ದು ಕಳೆದ ಮೂರು ವರ್ಷ ಇರಬಹುದು. ವೈದ್ಯರ ಹತ್ತಿರ ಏನನ್ನೂ ಮುಚ್ಚಿಡಬೇಡಿ, ಮಾತ್ರೆಯ ಪ್ರಮಾಣ ನಿರ್ಧಾರವಾಗುವುದೇ ನೀವು ಹೇಳುವ ಲೆಕ್ಕದಿಂದ. ಆದರೆ ಲೆಕ್ಕ ಸರಿಯಾಗಿ ಹೇಳಿ: ಏನು ಕುಡಿಯುತ್ತಾರೆ, ದಿನಕ್ಕೆ ಎಷ್ಟು ಕ್ವಾರ್ಟರ್, ಎಷ್ಟು ತಿಂಗಳಿಂದ. ಹಣೆಪಟ್ಟಿಯ ಬದಲು ಆ ಪ್ರಮಾಣವನ್ನೇ ಬರೆಯುವಂತೆ ಕೇಳಿ.

ಬಿಲ್ಲಿನ ವಿಷಯ. ‘ಡಿ-ಅಡಿಕ್ಷನ್ ಪ್ಯಾಕೇಜ್, 14 ದಿನ’ ಎಂಬ ಒಂದೇ ಸಾಲಿನ ಬಿಲ್ ತೆಗೆದುಕೊಳ್ಳಬೇಡಿ. ಹಾಸಿಗೆ, ವೈದ್ಯರ ಭೇಟಿ, ಔಷಧ, ಪರೀಕ್ಷೆ, ಕೌನ್ಸೆಲಿಂಗ್ ಬೇರೆ ಬೇರೆ ಸಾಲಿನಲ್ಲಿರಲಿ. ಆಗ ಒಂದು ಭಾಗ ತಿರಸ್ಕೃತವಾದರೂ ಉಳಿದದ್ದನ್ನು ಕೇಳಬಹುದು. ಮನೋವೈದ್ಯಕೀಯ ವಾರ್ಡುಗಳಲ್ಲಿ ಜೊತೆಗೊಬ್ಬರು ಇರಲೇಬೇಕೆನ್ನುತ್ತಾರೆ. ಅವರ ಊಟ, ಅಟೆಂಡರ್ ಶುಲ್ಕ ವಿಮೆಯಿಂದ ಬರುವುದಿಲ್ಲ, ಅದಕ್ಕೆ ಕೈಯಲ್ಲಿ ಹಣ ಇಟ್ಟುಕೊಂಡಿರಿ. ಮನೆಗೆ ಹೊರಡುವ ಮುಂಚೆ ಡಿಸ್ಚಾರ್ಜ್ ಸಮ್ಮರಿ, ಪೂರ್ತಿ ಬಿಲ್, ರಸೀದಿ, ಲ್ಯಾಬ್ ವರದಿ, ಔಷಧ ಚೀಟಿಗಳನ್ನು ಪಡೆಯಿರಿ. ಕೇಸ್ ಶೀಟಿನ ನಕಲಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಡಾವಳಿ ನಿಯಮವೇ ಇದೆ.

ಸುಳ್ಳು ಕಾಗದ ಬೇಡ

‘ಗ್ಯಾಸ್ಟ್ರೈಟಿಸ್ ಅಂತ ಬರೆಸಿಬಿಡಿ, ಪಾಸಾಗುತ್ತೆ’ ಎಂಬ ಸಲಹೆ ಆಸ್ಪತ್ರೆಯ ಕಾರಿಡಾರಿನಲ್ಲಿ ಸಿಗುತ್ತದೆ. ಒಪ್ಪಬೇಡಿ. ಔಷಧಿ ಬಿಲ್ಲಿನಲ್ಲಿ ಕ್ಲೋರ್‌ಡಯಾಜಿಪಾಕ್ಸೈಡ್ ಇರುತ್ತದೆ, ನರ್ಸಿಂಗ್ ನೋಟಿನಲ್ಲಿ ಕೈನಡುಕ ಇರುತ್ತದೆ. ಕಂಪನಿಯ ವೈದ್ಯರಿಗೆ ಅದು ಐದು ನಿಮಿಷದ ಕೆಲಸ. ಕ್ಲೇಮ್ ಹೋಗುವುದಲ್ಲದೆ ವಂಚನೆಯ ಕಾರಣಕ್ಕೆ ಇಡೀ ಕುಟುಂಬದ ಪಾಲಿಸಿ ರದ್ದಾಗಬಹುದು. ಮುಂದಿನ ಸಲ ಬೇರೆ ವೈದ್ಯರು ಆ ಸಮ್ಮರಿ ಓದಿ ತಪ್ಪು ಚಿಕಿತ್ಸೆ ಕೊಡುವ ಅಪಾಯ ಬೇರೆ.

ಹೊಸ ಪಾಲಿಸಿ ಕೊಳ್ಳುವಾಗಲೂ ಹೀಗೆಯೇ. ಪ್ರಪೋಸಲ್ ಫಾರಂನಲ್ಲಿ ಮದ್ಯ, ತಂಬಾಕಿನ ಪ್ರಶ್ನೆಗೆ ಏಜೆಂಟರು ತಾವೇ ‘ಇಲ್ಲ’ ಎಂದು ಗುರುತು ಹಾಕಿಬಿಡುತ್ತಾರೆ. ಸಹಿ ನಿಮ್ಮದು. ದಿನಕ್ಕೆ ಒಂದು ಕ್ವಾರ್ಟರ್ ಎಂದರೆ 180 ಎಂಎಲ್, ವಾರಕ್ಕೆ 1,260 ಎಂಎಲ್, ಹಾಗೆಯೇ ಬರೆಯಿರಿ. ಪ್ರೀಮಿಯಂ ಹೆಚ್ಚಾಗಬಹುದು, ಅರ್ಜಿಯೇ ತಿರಸ್ಕಾರವಾಗಬಹುದು, ಆದರೂ ಕಷ್ಟದ ದಿನ ಕೈಕೊಡುವ ಪಾಲಿಸಿಗಿಂತ ಅದು ಮೇಲು. ಕುಡಿತದ ಚಟ ಮುಚ್ಚಿಟ್ಟು ಪಡೆದ ಆರೋಗ್ಯ ಪಾಲಿಸಿಯ ಕ್ಲೇಮ್ ನಿರಾಕರಿಸಿದ್ದು ಸರಿ ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿದೆ. ಪಾಲಿಸಿ ಬಿಡದೆ 60 ತಿಂಗಳು ನಡೆದ ಮೇಲೆ ಮಾಹಿತಿ ಮುಚ್ಚಿಟ್ಟರೆಂದು ಕ್ಲೇಮ್ ತಳ್ಳುವಂತಿಲ್ಲ, ವಂಚನೆ ಸಾಬೀತಾದರೆ ಮಾತ್ರ ಬೇರೆ ಮಾತು. ಆದರೆ ಕೋಡ್ 12ರಂಥ ಹೊರಗಿಡುವ ಷರತ್ತುಗಳು 60 ತಿಂಗಳಾದ ಮೇಲೂ ಹಾಗೆಯೇ ಉಳಿಯುತ್ತವೆ. ಈ ಎರಡನ್ನು ಬೆರೆಸಿಕೊಂಡು ಮೋಸಹೋಗುವವರು ಬಹಳ.

ತಿರಸ್ಕಾರವಾದರೆ

ಫೋನಿನಲ್ಲಿ ಹೇಳಿದ ‘ಇಲ್ಲ’ಕ್ಕೆ ಬೆಲೆಯಿಲ್ಲ. ಯಾವ ಷರತ್ತಿನಡಿ ನಿರಾಕರಿಸಿದರೆಂದು ಬರವಣಿಗೆಯಲ್ಲಿ ಕೇಳಿ. 2024ರ ಸುತ್ತೋಲೆಯಂತೆ ಕಂಪನಿಯ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ಆ ಒಪ್ಪಿಗೆ ಆಗಿದೆಯೇ ಎಂದೂ ಕೇಳಿ. ಆಮೇಲೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಪತ್ರ ಬರೆಯಿರಿ. ಒಕ್ಕಣೆ ಹೀಗಿರಲಿ, ಇಂಗ್ಲಿಷಿಗೆ ಮಾಡಿಸಿ ಕಳಿಸಿದರೂ ಸರಿ:

‘ಪಾಲಿಸಿ ಸಂಖ್ಯೆ ___, ಕ್ಲೇಮ್ ಸಂಖ್ಯೆ ___. ವಿಮೆ ಮಾಡಿಸಿಕೊಂಡವರು ___ ದಿನಾಂಕದಿಂದ ___ ದಿನಾಂಕದವರೆಗೆ ಒಳರೋಗಿಯಾಗಿದ್ದರು. ರೋಗನಿರ್ಣಯ: ಎಫ್ 10.4. ಕೋಡ್ 12 ಉಲ್ಲೇಖಿಸಿ ತಾವು ಕ್ಲೇಮ್ ತಿರಸ್ಕರಿಸಿದ್ದೀರಿ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರ ಸೆಕ್ಷನ್ 2(1)(ಎಸ್) ಪ್ರಕಾರ ಇದು ಮಾನಸಿಕ ಕಾಯಿಲೆ. ಸೆಕ್ಷನ್ 21(4)ರಂತೆ ದೈಹಿಕ ಕಾಯಿಲೆಗೆ ಸಮನಾಗಿ ವಿಮೆ ಕೊಡುವುದು ತಮ್ಮ ಹೊಣೆ. ಸೆಕ್ಷನ್ 120ರಂತೆ ಕಾಯ್ದೆಗೆ ಮೇಲುಗೈ ಇದೆ. ಪುನರ್ವಸತಿಯ ಯಾವ ಖರ್ಚನ್ನೂ ನಾವು ಕೇಳಿಲ್ಲ. ಕೇಳಿರುವುದು ತುರ್ತು ವೈದ್ಯಕೀಯ ಚಿಕಿತ್ಸೆಯ ___ ರೂಪಾಯಿ ಮಾತ್ರ. ಕ್ಲೇಮನ್ನು ಮರುಪರಿಶೀಲಿಸಿ, ಕಾರಣಸಹಿತ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇವೆ.’

ಪುನರ್ವಸತಿಯ ಖರ್ಚು ಕೇಳಿಲ್ಲ ಎಂಬ ಸಾಲು ನಿಜವಾಗಿದ್ದರೆ ಮಾತ್ರ ಬರೆಯಿರಿ. ಕ್ಲೇಮನ್ನೇ ಆ ರೀತಿ ಕತ್ತರಿಸಿ ಸಲ್ಲಿಸುವುದು ಜಾಣತನ. ಎಲ್ಲ ಕೇಳಿ ಎಲ್ಲ ಕಳೆದುಕೊಳ್ಳುವುದಕ್ಕಿಂತ ಗಟ್ಟಿಯಾದ ಭಾಗವನ್ನೇ ಹಿಡಿದು ನಿಲ್ಲುವುದು ಲೇಸು.

ಜೊತೆಜೊತೆಗೇ ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಅಥವಾ 155255ಕ್ಕೆ ಕರೆ ಮಾಡಿ. ಕಂಪನಿ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ವಿಮಾ ಓಂಬುಡ್ಸ್‌ಮನ್ ಬಳಿ ಹೋಗಿ. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ಕ್ಲೇಮ್ ನೋಡುತ್ತಾರೆ, ಗ್ರೂಪ್ ಪಾಲಿಸಿಯದ್ದನ್ನೂ ಸೇರಿಸಿ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಅದೇ ವಿಷಯ ಗ್ರಾಹಕ ಆಯೋಗದಲ್ಲೋ ಕೋರ್ಟಿನಲ್ಲೋ ನಡೆಯುತ್ತಿದ್ದರೆ ಇಲ್ಲಿ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಓಂಬುಡ್ಸ್‌ಮನ್ ಮೊದಲು, ಆಯೋಗ ಆಮೇಲೆ ಎಂಬ ಕ್ರಮ ಇಟ್ಟುಕೊಳ್ಳಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದ ಗಡುವಿದೆ.

ಪಾಲಿಸಿ ಇಲ್ಲದವರಿಗೆ

ನಮ್ಮ ರಾಜ್ಯದಲ್ಲಿ ಈ ದಾರಿಯೇ ಹೆಚ್ಚು ಅಗಲ. ದುಡ್ಡಿಗೆ ಪರದಾಡುವ ಮುಂಚೆ ಇದನ್ನು ನೋಡಿ.

ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು ನೆರವು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಆಯುಷ್ಮಾನ್‌ನ ರಾಷ್ಟ್ರೀಯ ಪ್ಯಾಕೇಜ್ ಪಟ್ಟಿಯಲ್ಲಿ ಮಾದಕ ವಸ್ತುಗಳಿಂದಾದ ಮಾನಸಿಕ ಮತ್ತು ವರ್ತನೆಯ ತೊಂದರೆಗಳಿಗೆ ಒಳರೋಗಿ ಚಿಕಿತ್ಸೆಯ ಪ್ಯಾಕೇಜ್ ಇದೆ. ದೀರ್ಘ ಪುನರ್ವಸತಿ ಮಾತ್ರ ಸೇರಿಲ್ಲ. ರೇಷನ್ ಕಾರ್ಡು, ಆಧಾರ್ ಹಿಡಿದು ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ ಅಲ್ಲಿ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರನ್ನು ಕೇಳಿ. ಅಲ್ಲಿನ ರೆಫರಲ್ ಇಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋದರೆ, ತುರ್ತು ಸಂದರ್ಭ ಬಿಟ್ಟು, ಯೋಜನೆ ಅನ್ವಯಿಸುವುದಿಲ್ಲ. ಜನ ಎಡವುವುದು ಇಲ್ಲೇ.

ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದು ಇಎಸ್‌ಐ ಕಡಿತವಾಗುತ್ತಿದ್ದರೆ ಅದು ಒಳ್ಳೆಯ ದಾರಿ. ಇಎಸ್‌ಐ ಡಿಸ್ಪೆನ್ಸರಿಯಿಂದ ರೆಫರಲ್ ಪಡೆದು ಮನೋವೈದ್ಯರಿರುವ ಇಎಸ್‌ಐ ಆಸ್ಪತ್ರೆಗೆ ಹೋಗಬಹುದು. ದಾಖಲಾದ ದಿನಗಳಿಗೆ ಕಾಯಿಲೆ ಭತ್ಯೆಯನ್ನೂ ಕೇಳಿ. ಅರ್ಹತೆಯಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70 ಸಿಗುತ್ತದೆ. ವೈದ್ಯರ ಸರ್ಟಿಫಿಕೇಟಿನಲ್ಲಿ ತಾರೀಖು ತಪ್ಪದಂತೆ ನೋಡಿಕೊಳ್ಳಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಬಡವರಿಗೆ ರಿಯಾಯಿತಿ ಇದೆ, ಬಿಪಿಎಲ್ ಕಾರ್ಡು ಮರೆಯದೆ ಒಯ್ಯಿರಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಯುತ್ತದೆ. ಸೌಮ್ಯ ಲಕ್ಷಣ ಇರುವವರು ಸೇರಿಕೊಳ್ಳದೆಯೇ ಅಲ್ಲಿಂದ ಶುರುಮಾಡಬಹುದು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಲ್ಲಿ ನಡೆಯುವ ಸಮಗ್ರ ಪುನರ್ವಸತಿ ಕೇಂದ್ರಗಳಲ್ಲಿ ವಾಸ, ಊಟ, ಚಿಕಿತ್ಸೆ ಉಚಿತ. ವಿಮೆ ಕೈಬಿಡುವ ಮೂರನೆಯ ಬಗೆಯ ಖರ್ಚಿಗೆ ಇದೇ ಉತ್ತರ. ನಿಮ್ಮ ಹತ್ತಿರದ್ದು ಯಾವುದೆಂದು 14446ಕ್ಕೆ ಕರೆ ಮಾಡಿ ತಿಳಿಯಿರಿ. ಮಾತಾಡಿ ಸಲಹೆ ಪಡೆಯಲು ಟೆಲಿ ಮನಸ್ 14416 ಹಗಲಿರುಳೂ ಇದೆ, ಕನ್ನಡದಲ್ಲೇ ಮಾತಾಡಬಹುದು.

ಗಾಂಜಾ, ಹೆರಾಯಿನ್ ವಿಷಯದಲ್ಲಿ ಪೊಲೀಸರ ಭಯದಿಂದ ಚಿಕಿತ್ಸೆಗೇ ಹೋಗದವರು ಇದ್ದಾರೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣ ಎದುರಿಸುತ್ತಿರುವ ವ್ಯಸನಿ ಸ್ವ-ಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಸೇರಿದರೆ ಮಾದಕ ವಸ್ತುಗಳ ಕುರಿತಾದ ಎನ್‌ಡಿಪಿಎಸ್ ಕಾಯ್ದೆಯ 64-ಎ ಸೆಕ್ಷನ್ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ರಕ್ಷಣೆ ಹೋಗಬಹುದು.

ಮನೆಗೆ ಬಂದ ಮೇಲೆ

ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಡೈಸಲ್ಫಿರಾಮ್‌ನಂಥ ಮಾತ್ರೆಗಳು ತಿಂಗಳುಗಟ್ಟಲೆ ನಡೆಯುತ್ತವೆ. ಡೈಸಲ್ಫಿರಾಮನ್ನು ರೋಗಿಗೆ ತಿಳಿಸದೆ ಊಟದಲ್ಲಿ ಬೆರೆಸಬಾರದು; ಅದರ ಮೇಲೆ ಕುಡಿದರೆ ಪ್ರಾಣಾಪಾಯ. ಹೊರರೋಗಿ ಖರ್ಚನ್ನು ಹೆಚ್ಚಿನ ಪಾಲಿಸಿಗಳು ಕೊಡುವುದಿಲ್ಲ, ಆದರೆ ಒಳರೋಗಿ ಕ್ಲೇಮ್ ಒಪ್ಪಿಗೆಯಾಗಿದ್ದರೆ ದಾಖಲಾಗುವ ಮುಂಚಿನ 30 ದಿನ, ಡಿಸ್ಚಾರ್ಜ್ ನಂತರದ 60 ದಿನಗಳ ಔಷಧಿ, ತಪಾಸಣೆ ಸಾಮಾನ್ಯವಾಗಿ ಸೇರುತ್ತವೆ. ಪ್ರತಿ ಭೇಟಿಯ ಚೀಟಿ, ಮೆಡಿಕಲ್ ಶಾಪಿನ ಬಿಲ್ ಎರಡನ್ನೂ ಒಂದೇ ಫೈಲಿನಲ್ಲಿಡಿ. ಚೀಟಿಯಿಲ್ಲದ ಬಿಲ್ ನಡೆಯದು.

ಮತ್ತೆ ಕುಡಿದುಬಿಟ್ಟರೆ ಅದು ಈ ಕಾಯಿಲೆಯ ಸ್ವಭಾವ. ವಿಮೆಯ ಲೆಕ್ಕದಲ್ಲಿ ಒಂದು ತಾರೀಖು ಮಾತ್ರ ನೆನಪಿರಲಿ: ಆಸ್ಪತ್ರೆಯಲ್ಲಿ ಕೊನೆಯ ಬಾರಿ ತೋರಿಸಿಕೊಂಡ ದಿನದಿಂದ 45 ದಿನದೊಳಗೆ ಕಾಯಿಲೆ ಮರುಕಳಿಸಿದರೆ ಪಾಲಿಸಿ ಅದನ್ನು ಹಳೆಯ ಕಾಯಿಲೆಯ ಮುಂದುವರಿಕೆಯಾಗಿಯೇ ಎಣಿಸುತ್ತದೆ. ಅಂಥಾ ದಾಖಲಾತಿಯಲ್ಲಿ ಹಿಂದಿನ ಕ್ಲೇಮ್ ಸಂಖ್ಯೆ, ಹಿಂದಿನ ಡಿಸ್ಚಾರ್ಜ್ ಸಮ್ಮರಿ, ಕಂಪನಿಯ ಹಿಂದಿನ ಒಪ್ಪಿಗೆ ಪತ್ರ ಮೂರನ್ನೂ ಮೊದಲ ದಿನವೇ ಟಿಪಿಎ ಡೆಸ್ಕಿಗೆ ಕೊಡಿ.